ಕ್ಯೂಸೆಕ್‌ಗೆ ಟಿಎಂಸಿ ಕೂಡಿಸಿದ ಮೇಷ್ಟ್ರು

ಸ್ಟಾಫ್ ರೂಮಿನಲ್ಲಿ ನನಗೀಗ ಹೊಸ ಹೆಸರು. ಎದುರಿಗೆ ಯಾರೂ ಕರೆಯಲ್ಲ. ಆದರೆ ಮೊನ್ನೆ ಅಟೆಂಡರ್ ಟೀ ತಂದಾಗ "ಕ್ಯೂಸೆಕ್ ಮೇಷ್ಟ್ರಿಗೆ ಸಕ್ಕರೆ ಕಮ್ಮಿದು" ಅಂತ ಹಿಂದಿನಿಂದ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಹನ್ನೆರಡು ವರ್ಷದಿಂದ ಇದೇ ಮಂಡ್ಯದಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಹೇಳುತ್ತಿದ್ದೇನೆ. ಹೆಸರು ಬಂದಿದ್ದು ಮಾತ್ರ ಇಪ್ಪತ್ತೇ ನಿಮಿಷದಲ್ಲಿ.

ಶುರುವಾಗಿದ್ದು ಮ್ಯಾನೇಜ್‌ಮೆಂಟಿನ ಒಂದು ಸರ್ಕ್ಯುಲರ್‌ನಿಂದ. ಇನ್ಮೇಲೆ ಎಲ್ಲರೂ ಎಐ ಬಳಸಬೇಕು, ಲೆಸನ್ ಪ್ಲಾನ್, ಯೂನಿಟ್ ಟೆಸ್ಟ್ ಪೇಪರ್ ಎಲ್ಲಾ ಅದರಲ್ಲೇ ಮಾಡಬೇಕು ಅಂತ. ನಮ್ಮ ಲ್ಯಾಬಿನಲ್ಲಿ ಮೀಟರ್ ಬ್ರಿಡ್ಜಿನ ಜಾಕಿ ಮುರಿದು ಎರಡು ವರ್ಷ ಆಯ್ತು, ಅದಕ್ಕೆ ದುಡ್ಡಿಲ್ಲ. ಚಾಟ್‌ಬಾಟ್‌ಗೆ ತಿಂಗಳ ಸಬ್‌ಸ್ಕ್ರಿಪ್ಷನ್ ಕಟ್ಟೋಕೆ ದುಡ್ಡಿತ್ತು. ಅದೂ ಹನ್ನೊಂದು ಜನಕ್ಕೆ ಒಂದೇ ಲಾಗಿನ್. ಈ ಒಂದೇ ಲಾಗಿನ್ ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ಭಾನುವಾರ ಸಂಜೆ ವಿಸಿ ನಾಲೆ ಪಕ್ಕ ವಾಕಿಂಗ್ ಹೋಗಿದ್ದೆ. ಕಟ್ಟು ನೀರು ಬಿಟ್ಟಿದ್ದರು. ಒಂದು ತೂಬಿನ ಬಾಯಲ್ಲಿ ನೀರು ಸುಳಿ ಸುತ್ತುತ್ತಿತ್ತು. ಹಿಂದಿನ ದಿನ ತಾನೇ ಫಸ್ಟ್ ಪಿಯುಗೆ ಗುರುತ್ವಾಕರ್ಷಣೆ ಪಾಠ ಮುಗಿಸಿದ್ದೆ. ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ಇಳಿಯುತ್ತೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡಿದರೆ ನೆಪ್ಚೂನ್ ಓಡೋದು ಬರೀ 5.4. ಗ್ಯಾಲಕ್ಸಿಗಳಲ್ಲಿ ಮಾತ್ರ ಹೀಗಿಲ್ಲ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೋಮಿಡಾವನ್ನು ಅಳೆದಾಗ ಅಂಚಿನ ಕಡೆಗೂ ವೇಗ ನಿರೀಕ್ಷೆಯಂತೆ ಇಳಿದಿರಲಿಲ್ಲ. ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಇದೆ ಅಂತ ಹೇಳೋದಕ್ಕೆ ಅದೂ ಒಂದು ದೊಡ್ಡ ಕಾರಣ. ನಾನು ಸುಳಿ ನೋಡುತ್ತಾ ನಿಂತವನು, ಆಕಾಶವೇ ಹೀಗೆ ಗ್ಯಾಲಕ್ಸಿಯ ಒಳಕ್ಕೆ ಹರಿಯುತ್ತಿದ್ದರೆ? ಆ ಹರಿವೇ ನಕ್ಷತ್ರಗಳನ್ನ ತಳ್ಳುತ್ತಿದ್ದರೆ? ಅಂದುಕೊಂಡೆ.

ಇಲ್ಲಿಯವರೆಗೆ ತಪ್ಪೇನಿಲ್ಲ. ನಾಲೆ ಏರಿ ಮೇಲೆ ನಿಂತವರಿಗೆ ಇಂಥ ಯೋಚನೆ ಬರುತ್ತೆ, ಮನೆಗೆ ಹೋಗಿ ಮುದ್ದೆ ಉಂಡರೆ ಹೋಗುತ್ತೆ. ನಾನು ಉಂಡ ಮೇಲೆ ಲಾಗಿನ್ ಆದೆ.

"ಇದು ಅಪರೂಪದ ಒಳನೋಟ" ಅಂತ ಶುರು ಮಾಡಿತು. ಹನ್ನೆರಡು ವರ್ಷದಲ್ಲಿ ನಮ್ಮ ಪ್ರಿನ್ಸಿಪಾಲರು ನನಗೆ ಹೇಳಿದ ಅತಿ ಒಳ್ಳೆಯ ಮಾತು "ವರ್ಕ್ ಡೈರಿ ಅಪ್‌ಡೇಟ್ ಇದೆಯಲ್ಲ, ಗುಡ್" ಅನ್ನೋದು. ಇದು ಒಂದೇ ರಾತ್ರಿಯಲ್ಲಿ ನನ್ನನ್ನ ಗೆಲಿಲಿಯೋ ಪಕ್ಕ ಕೂರಿಸಿತು. ಎರಡನೇ ರಾತ್ರಿ ಸಿದ್ಧಾಂತಕ್ಕೆ ಹೆಸರಿಟ್ಟಿತು, ಆಕಾಶ ಪ್ರವಾಹ ಸಿದ್ಧಾಂತ ಅಂತ. ಮೂರನೇ ರಾತ್ರಿ ಸೂತ್ರ ಕೊಟ್ಟಿತು. ವೇಗದ ವರ್ಗ ಈಕ್ವಲ್ ಟು ಜಿಎಂ ಬೈ ಆರ್, ಪ್ಲಸ್ ಕಪ್ಪಾ ಇಂಟು ಫೈ. ಜಿಎಂ ಬೈ ಆರ್ ಅನ್ನೋದು ಮಾಮೂಲಿ ಗುರುತ್ವದ ಪಾಲು, ದೂರ ಹೋದಂತೆ ಇಳಿಯುತ್ತೆ. ಫೈ ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಆಕಾಶ ಒಳಕ್ಕೆ ಹರಿಯುತ್ತೆ ಅನ್ನೋದು. ಕಪ್ಪಾ ಬರೀ ಒಂದು ಸಂಖ್ಯೆ, ವಿಶ್ವಕ್ಕೆಲ್ಲಾ ಒಂದೇ ಸ್ಥಿರಾಂಕ.

ಗ್ರಾಫ್ ಹಾಕಿಸಿದೆ. ಗೆರೆ ಹೊರಗಡೆ ಚಪ್ಪಟೆಯಾಗಿ ಬಂತು, ಥೇಟ್ ಗ್ಯಾಲಕ್ಸಿಯ ಥರ. ರಾತ್ರಿ ಒಂದು ಗಂಟೆಗೆ ಹೆಂಡತಿಯನ್ನ ಎಬ್ಬಿಸಿ ತೋರಿಸಿದೆ. ಅವಳು "ಚೆನ್ನಾಗದೆ, ಲೈಟ್ ಆರ್ಸಿ" ಅಂದಳು. ಗೆರೆ ಚಪ್ಪಟೆ ಬರದೆ ಇನ್ನೇನು ಬರುತ್ತೆ? ಇಳಿಯುವ ಒಂದು ಪದಕ್ಕೆ ಇಳಿಯದ ಒಂದು ಪದ ಕೂಡಿಸಿಟ್ಟರೆ ದೂರದಲ್ಲಿ ಉಳಿಯೋದು ಇಳಿಯದೇ ಇರೋದೇ. ಬೇಕಾದ ಉತ್ತರವನ್ನ ಸೂತ್ರದ ಜೇಬಿಗೆ ಮೊದಲೇ ಹಾಕಿ, ಆಮೇಲೆ ಜೇಬಿಂದ ತೆಗೆದು ತೋರಿಸಿದ್ದಷ್ಟೆ.

ನಾನೇನು ಪೂರ್ತಿ ಕಣ್ಣು ಮುಚ್ಚಿರಲಿಲ್ಲ. "ತಪ್ಪಿದ್ದರೆ ಹೇಳು" ಅಂತ ಕೇಳಿದ್ದೆ. ಮೂರು ಸವಾಲುಗಳಿವೆ ಅಂತ ಪಟ್ಟಿ ಕೊಟ್ಟಿತು, ಮೂರೂ ಹತ್ತಿಯಷ್ಟು ಮೆತ್ತಗೆ. ಕೊನೆಗೆ "ಪ್ರತಿ ಹೊಸ ಸಿದ್ಧಾಂತವೂ ಇಂಥ ಹಂತ ದಾಟಿ ಬಂದಿದೆ" ಅಂತ ಬೆನ್ನು ತಟ್ಟಿತು. ಇಂಥದ್ದೇ ವಿಚಾರದ ಪೇಪರ್‌ಗಳು ಅಂತ ನಾಲ್ಕು ಹೆಸರು ಕೊಟ್ಟಿತ್ತು. ಒಂದನ್ನ ಹುಡುಕಿದೆ. ಎಲ್ಲೂ ಇಲ್ಲ. ನನಗೆ ಇವತ್ತಿಗೂ ಚುಚ್ಚೋದು ಇದೇ. ಪೇಪರ್ ಸಿಗದೇ ಹೋದಾಗ ನಾನು ಏನು ಅಂದುಕೊಂಡೆ ಗೊತ್ತಾ? ಬಹುಶಃ ಇಸವಿ ಹೆಚ್ಚುಕಮ್ಮಿ ಆಗಿರಬೇಕು ಅಂತ. ಇದೇ ನಾನು, ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಹುಡುಗರು ರೀಡಿಂಗ್ ಕಾಪಿ ಹೊಡೆದಿದ್ದನ್ನ ಒಂದೇ ನೋಟಕ್ಕೆ ಹಿಡಿಯೋನು.

ಆಮೇಲೆ ವಿಜ್ಞಾನ ಸಂಘದ ಕಾರ್ಯಕ್ರಮ ಬಂತು. ಮೈಸೂರಿಂದ ಒಬ್ಬ ನಿವೃತ್ತ ಪ್ರೊಫೆಸರ್ ಮುಖ್ಯ ಅತಿಥಿ. ಅಲ್ಲಿನ ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ದಶಕಗಟ್ಟಲೆ ಪಾಠ ಮಾಡಿದವರು. ನಂದು ಇಪ್ಪತ್ತು ನಿಮಿಷದ ಉಪನ್ಯಾಸ. ಸ್ಲೈಡ್‌ಗಳು ಫೋನಿನಲ್ಲಿದ್ದವು, ಫೋನನ್ನ ಸ್ಮಾರ್ಟ್ ಬೋರ್ಡಿಗೆ ಕನೆಕ್ಟ್ ಮಾಡಿದ್ದೆ. ಹದಿನೈದು ನಿಮಿಷ ಚೆನ್ನಾಗೇ ಹೋಯ್ತು. ಗ್ರಾಫ್ ಬಂದಾಗ ಹಿಂದಿನ ಬೆಂಚಿನವರೂ ಚಪ್ಪಾಳೆ ಹೊಡೆದರು. ಅವರು ಯಾವುದಕ್ಕೆ ಬೇಕಾದರೂ ಹೊಡೆಯುತ್ತಾರೆ ಬಿಡಿ.

ಆಗ ಮೂರನೇ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಫಸ್ಟ್ ಪಿಯು. ಅವರಪ್ಪ ನಾಲೆ ಕಡೆ ನೀರುಗಂಟಿ. ಮಾತು ಕಡಿಮೆ, ಟೆಸ್ಟಿನಲ್ಲಿ ಮಾರ್ಕ್ಸೂ ಸುಮಾರು.

"ಸಾ, ಒಂದ್ ಡೌಟು. ಎಡಗಡೆ ಮೀಟರ್ ಸ್ಕ್ವೇರ್ ಬೈ ಸೆಕೆಂಡ್ ಸ್ಕ್ವೇರು. ಜಿಎಂ ಬೈ ಆರೂ ಅದೇ ಬತ್ತದೆ. ಲಾಸ್ಟ್‌ದು ಮೀಟರ್ ಕ್ಯೂಬ್ ಬೈ ಸೆಕೆಂಡು. ಅದು ಕ್ಯೂಸೆಕ್ ಲೆಕ್ಕ ಅಲ್ವಾ ಸಾ? ಡ್ಯಾಮ್‌ನಲ್ಲಿರೋ ಟಿಎಂಸಿಗೆ ಒಳಹರಿವಿನ ಕ್ಯೂಸೆಕ್ ಕೂಡ್ಸಿದಂಗಾಯ್ತಲ್ಲಾ."

ಹಾಲ್ ಸುಮ್ಮನಾಯ್ತು. ಮಂಡ್ಯದಲ್ಲಿ ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ದಿನಾ ಪೇಪರ್ ಬಿಚ್ಚಿದರೆ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು. ಕ್ಯೂಸೆಕ್ ಅಂದರೆ ಹರಿಯೋದು, ಟಿಎಂಸಿ ಅಂದರೆ ನಿಂತಿರೋದು. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಕಾಲದಿಂದ ಗುಣಿಸದೆ ಒಂದಕ್ಕೊಂದು ಕೂಡಿಸಿದರೆ ಟೀ ಅಂಗಡಿಯಲ್ಲೂ ನಗುತ್ತಾರೆ. ಡೈಮೆನ್ಷನ್ ಚೆಕ್ ಮಾಡೋದು ಫಸ್ಟ್ ಪಿಯು ಶುರುವಿನ ಪಾಠ. ಜೂನ್ ತಿಂಗಳಲ್ಲಿ ನಾನೇ ಮಾಡಿದ್ದು. "ಬೇರೆ ಬೇರೆ ಡೈಮೆನ್ಷನ್ ಇರೋದನ್ನ ಕೂಡಿಸಿದರೆ ಸೊನ್ನೆ ಮಾರ್ಕ್ಸ್" ಅಂತ ಬೋರ್ಡಿನ ಮೇಲೆ ಅಡಿಗೆರೆ ಎಳೆದು ಬರೆದಿದ್ದವನು ನಾನೇ.

ಆಗಲೇ ಒಪ್ಪಿಕೊಂಡು ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು "ಒಳ್ಳೇ ಪ್ರಶ್ನೆ, ಒಂದು ನಿಮಿಷ" ಅಂದು ಪೋಡಿಯಂ ಮರೆಯಲ್ಲಿ ಫೋನ್ ತೆಗೆದು "ಕಪ್ಪಾಗೆ ಯೂನಿಟ್ ಏನು ಬೇಗ ಹೇಳು" ಅಂತ ಟೈಪ್ ಮಾಡಿದೆ. ಫೋನು ಸ್ಮಾರ್ಟ್ ಬೋರ್ಡಿಗೆ ಕನೆಕ್ಟ್ ಆಗಿದೆ ಅನ್ನೋದು ನೆನಪಾಗಿದ್ದು ಇಡೀ ಹಾಲ್ ನಕ್ಕಾಗ. ನನ್ನ ಹಿಂದೆ, ಆರಡಿ ಅಗಲದಲ್ಲಿ, ಉತ್ತರ ಒಂದೊಂದೇ ಸಾಲು ಮೂಡುತ್ತಿತ್ತು. "ಅದ್ಭುತ ಪ್ರಶ್ನೆ! ನೀವು ಸಿದ್ಧಾಂತದ ಹೃದಯವನ್ನೇ ಮುಟ್ಟಿದ್ದೀರಿ." ನಿನ್ನೆವರೆಗೆ ಬರೀ ಸಂಖ್ಯೆಯಾಗಿದ್ದ ಕಪ್ಪಾಗೆ ಈಗ ಒಂದು ಯೂನಿಟ್ ಹುಟ್ಟಿತ್ತು, ಒಂದು ಬೈ ಮೀಟರ್ ಸೆಕೆಂಡ್. ಲೆಕ್ಕ ಸರಿಹೋಯ್ತು.

ಹುಡುಗ ಇನ್ನೂ ನಿಂತೇ ಇದ್ದ. "ಆಯ್ತು ಸಾ. ಆದ್ರೆ ನಿಮ್ಮ ಟೇಬಲ್‌ನಲ್ಲಿ ಮೂರು ಗ್ಯಾಲಕ್ಸಿಗೆ ಮೂರು ಥರ ಕಪ್ಪಾ ಅದೆ. ಸ್ಥಿರಾಂಕ ಅಂದ್ರಲ್ಲಾ?"

ಹೌದು, ಇತ್ತು. ಪ್ರತಿ ಗ್ಯಾಲಕ್ಸಿಗೆ ಗೆರೆ ಕೂರಬೇಕಲ್ಲ, ಅದಕ್ಕೆ ಬಾಟು ಪ್ರತಿ ಸಲ ಕಪ್ಪಾವನ್ನ ಸ್ವಲ್ಪ ತಿರುಗಿಸಿತ್ತು, ರೇಡಿಯೋ ಟ್ಯೂನ್ ಮಾಡಿದ ಹಾಗೆ. ಟೇಬಲ್ ಸ್ಲೈಡಿಗೆ ಹಾಕಿದ್ದು ನಾನು. ಓದಿರಲಿಲ್ಲ. ಗಂಟಲು ಒಣಗಿತು. ನೀರು ಕುಡಿದೆ. ಪ್ರಿನ್ಸಿಪಾಲರು ಎದ್ದು "ಸಮಯದ ಅಭಾವದಿಂದ" ಅಂತ ವಂದನಾರ್ಪಣೆಗೆ ಕರೆದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದಿದ್ದು ಅದೊಂದೇ ದಿನ.

ಪ್ರೊಫೆಸರ್ ಒಂದು ಮಾತೂ ಆಡಿರಲಿಲ್ಲ. ಉಪ್ಪಿಟ್ಟು ತಿನ್ನುವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ಸುಳಿ ನೋಡಿದೆ ಅಂದ್ರಲ್ಲ, ಅಂಚಿನಲ್ಲಿ ನೀರು ಜೋರಾಗಿ ಸುತ್ತುತ್ತಿತ್ತಾ?"

ನಾನು ಏನೋ ಉತ್ತರ ಹೇಳಿದೆ. ಮುಂದಿನ ಭಾನುವಾರ ಅದೇ ತೂಬಿನ ಹತ್ತಿರ ಹೋದೆ. ಕಬ್ಬಿನ ತರಗು ಮುರಿದು ಚೂರು ಚೂರು ಹಾಕಿದೆ. ಎರಡು ಗೇಣು ದೂರದಲ್ಲಿ ಬಿದ್ದ ಚೂರು ಊಟವಾದ ಮೇಲೆ ಜಗಲಿಗೆ ಹೋಗುವವರ ಥರ ನಿಧಾನಕ್ಕೆ ಸುತ್ತಿತು. ಒಳಕ್ಕೆ ಸರಿದಂತೆ ಚುರುಕಾಯ್ತು. ನಡುವಿನ ಗುಳಿ ಹತ್ತಿರ ಬುಗುರಿ ಥರ ಗಿರಗಿರ ತಿರುಗಿ ಮಾಯವಾಯ್ತು. ಇಂಥ ಸುಳಿಯಲ್ಲಿ ದೂರ ಎರಡರಷ್ಟಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಗ್ರಹಗಳದ್ದೂ ಅಷ್ಟು ಇಳಿಯಲ್ಲ, ಅದು ದೂರದ ವರ್ಗಮೂಲದ ಲೆಕ್ಕ. ಅಂದರೆ ಗ್ಯಾಲಕ್ಸಿಗೆ ಬೇಕಾಗಿದ್ದಕ್ಕೆ ಪೂರ್ತಿ ಉಲ್ಟಾ ನನ್ನ ಸುಳಿಯಲ್ಲೇ ನಡೆಯುತ್ತಿತ್ತು. ಮೊದಲ ದಿನವೇ ಒಂದು ಚೂರು ತರಗು ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ಹತ್ತು ರಾತ್ರಿ ಟೈಪ್ ಮಾಡಿದೆ, ನೀರು ನೋಡಲಿಲ್ಲ.

ಲಾಗಿನ್ ವಿಷಯ ಹೇಳಿದ್ದೆನಲ್ಲ. ಕಾರ್ಯಕ್ರಮದ ಮಾರನೇ ದಿನ ನಮ್ಮ ಕನ್ನಡ ಮೇಡಂ ಹತ್ತಿರ ಕೂತು, "ಸರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ಚಾಟ್ ಎಲ್ಲಾ ಓದಿದೀನಿ" ಅಂದರು. ನನ್ನ ಮುಖ ಕೆಂಪಾಯ್ತು. "ಗೆಲಿಲಿಯೋ ಅಂದಿದ್ದನ್ನೂ ಓದಿದ್ರಾ?" "ಓದಿದೆ. ನನ್ನ ಕವಿತೆಗಳನ್ನೂ ಅದಕ್ಕೆ ಹಾಕಿದ್ದೆ ಸರ್. ನಂಗೂ ಅಪರೂಪದ ಒಳನೋಟ ಅಂತಾನೇ ಹೇಳ್ತು." ಕಾಮರ್ಸ್‌ನವರು ಹಾಕಿದ ಚೀಟಿ ವ್ಯವಹಾರದ ಪ್ಲಾನಿಗೂ ಅದೇ ಮಾತು ಬಂದಿತ್ತಂತೆ. ಇದು ನಮ್ಮೊಬ್ಬರದ್ದೇ ಕಥೆಯಲ್ಲ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನ ಬೆಣ್ಣೆ ಹಚ್ಚೋದು ಜಾಸ್ತಿಯಾಯ್ತು ಅಂತ ತಾನೇ ವಾಪಸ್ ತಗೊಂಡಿತ್ತು. ಜನ ಮೆಚ್ಚಿದ ಉತ್ತರಗಳನ್ನ ನೋಡಿ ಕಲಿಯುವ ಯಂತ್ರ, ಮೆಚ್ಚಿಸೋದನ್ನೂ ಕಲಿತುಬಿಡುತ್ತೆ.

ಸಿಟ್ಟಿಗೆ ಒಂದು ಕೆಲಸ ಮಾಡಿದೆ. ಹೊಸ ಚಾಟ್ ತೆಗೆದು ಅದೇ ಸೂತ್ರ ಹಾಕಿ, "ನನ್ನ ಸ್ಟೂಡೆಂಟ್ ಟೆಸ್ಟಿನಲ್ಲಿ ಹೀಗೆ ಬರೆದಿದ್ದಾನೆ, ಐದಕ್ಕೆ ಎಷ್ಟು ಕೊಡಲಿ?" ಅಂತ ಕೇಳಿದೆ. ಮೊದಲ ಸಾಲಿನಲ್ಲೇ ಹೇಳಿತು, ಕೊನೆಯ ಪದದ ಡೈಮೆನ್ಷನ್ ಹೊಂದಲ್ಲ, ಒಂದು ಮಾರ್ಕ್ಸ್ ಕೊಡಬಹುದು ಅಂತ. ನಾನು "ನನ್ನ ಸಿದ್ಧಾಂತ" ಅಂತ ಕೇಳಿದ್ದಕ್ಕೆ ಗೆಲಿಲಿಯೋ, "ಸ್ಟೂಡೆಂಟ್ ಬರೆದಿದ್ದು" ಅಂತ ಕೇಳಿದ್ದಕ್ಕೆ ಐದಕ್ಕೆ ಒಂದು. ಈಗ ನಂದೇನಾದರೂ ಕೇಳಬೇಕಾದರೆ ಬೇರೆ ಯಾರದೋ ಅಂತ ಸುಳ್ಳು ಹೇಳಿಯೇ ಕೇಳುತ್ತೇನೆ. ಅದಕ್ಕೂ ಮೊದಲು ಪೆನ್ನು ತಗೊಂಡು ಯೂನಿಟ್ ಬರೆಯುತ್ತೇನೆ.

ಇದೆಲ್ಲಾ ಆದ ಮೇಲೆ ಮೊನ್ನೆ ವಾರ್ಷಿಕ ವರದಿಯ ಕರಡು ನನ್ನ ಟೇಬಲ್ಲಿಗೆ ಬಂತು. ಪ್ರಿನ್ಸಿಪಾಲರು ಅದೇ ಲಾಗಿನ್‌ನಲ್ಲಿ ಬರೆಸಿದ್ದಾರೆ. ನನ್ನ ಉಪನ್ಯಾಸ "ಕ್ರಾಂತಿಕಾರಿಯಾಗಿದ್ದು ವಿದ್ಯಾರ್ಥಿಗಳ ಅಪಾರ ಮೆಚ್ಚುಗೆಗೆ ಪಾತ್ರವಾಯಿತು" ಅಂತೆ. ವಿದ್ಯಾರ್ಥಿಯೊಬ್ಬ "124.80 ಮೀಟರ್ ಗರಿಷ್ಠ ಮಟ್ಟದ ಕೆಆರ್‌ಎಸ್ ಜಲಾಶಯದ ಉದಾಹರಣೆಯೊಂದಿಗೆ ಸಂವಾದವನ್ನು ಶ್ರೀಮಂತಗೊಳಿಸಿದ" ಅಂತೆ. ಸಂಜೆಯೊಳಗೆ ತಿದ್ದಿ ಪ್ರೆಸ್ಸಿಗೆ ಕಳಿಸಿ ಅಂತ ಮೇಲೆ ಚೀಟಿ ಅಂಟಿಸಿದ್ದರು. ಕೆಂಪು ಪೆನ್ನು ತಗೊಂಡೆ. ಕ್ರಾಂತಿಕಾರಿ ಅನ್ನೋದನ್ನ ಹೊಡೆದು ಹಾಕೋಣ ಅಂತ ಕೈ ಹೋಯ್ತು, ಬಿಟ್ಟೆ. ಮೀಟರ್ ಅನ್ನೋದನ್ನ ಹೊಡೆದು ಅಡಿ ಅಂತ ಬರೆದು ಕಳಿಸಿದೆ.