ಬಹುಮತವಿದ್ದರೂ ಕಾನೂನು ಏಕೆ ಬದಲಾಗಲಿಲ್ಲ?

ಕೆನಡಾದ ರಾಜಕೀಯದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: 2011ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಿತ್ತಲ್ಲ, ಗರ್ಭಪಾತವನ್ನು ವಿರೋಧಿಸುವ ಸಂಸದರು ಅಲ್ಲಿ ಅಷ್ಟು ಮಂದಿ ಇದ್ದೂ ಏನೂ ಬದಲಾಗಲಿಲ್ಲವೇಕೆ? ಅದೇ ಪಕ್ಷದ ಸ್ಟೀಫನ್ ವುಡ್‌ವರ್ತ್ ಅವರ ಏಳು ವರ್ಷಗಳ ಸಂಸದ ಜೀವನದಲ್ಲಿ ಇದಕ್ಕೆ ಉತ್ತರವಿದೆ.

ವೃತ್ತಿಯಿಂದ ವಕೀಲರಾದ ವುಡ್‌ವರ್ತ್ 2008ರಲ್ಲಿ ಒಂಟಾರಿಯೊದ ಕಿಚನರ್ ಸೆಂಟರ್ ಕ್ಷೇತ್ರದಿಂದ ಕೆಲವೇ ನೂರು ಮತಗಳ ಅಂತರದಲ್ಲಿ ಗೆದ್ದು, 2011ರಲ್ಲಿ ಮರು ಆಯ್ಕೆಯಾದರು. ಗರ್ಭಪಾತವನ್ನು ನಿರ್ಬಂಧಿಸುತ್ತಿದ್ದ ಕಲಮನ್ನು ಸುಪ್ರೀಂ ಕೋರ್ಟ್ 1988ರಲ್ಲೇ ರದ್ದುಪಡಿಸಿತ್ತು. ಅದರ ಜಾಗಕ್ಕೆ ತಂದ ಮಸೂದೆ 1991ರಲ್ಲಿ ಸೆನೆಟ್‌ನಲ್ಲಿ 43–43 ಸಮಮತವಾಗಿ ಬಿದ್ದುಹೋಗಿತ್ತು. ಹಾಗಾಗಿ ವುಡ್‌ವರ್ತ್ ಬೇರೆ ದಾರಿ ಹಿಡಿದರು. ದಂಡಸಂಹಿತೆಯ 223ನೇ ಕಲಮಿನ ಪ್ರಕಾರ, ಮಗು ತಾಯಿಯ ಒಡಲಿನಿಂದ ಜೀವಂತವಾಗಿ ಪೂರ್ತಿ ಹೊರಬಂದಾಗಲೇ ಮನುಷ್ಯ ಎನಿಸಿಕೊಳ್ಳುತ್ತದೆ. ಅದು ಉಸಿರಾಡಿದೆಯೇ, ಹೊಕ್ಕುಳಬಳ್ಳಿ ಕತ್ತರಿಸಲಾಗಿದೆಯೇ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಈ ವ್ಯಾಖ್ಯೆಯನ್ನು ಪರಿಶೀಲಿಸಲು ವಿಶೇಷ ಸಮಿತಿಯೊಂದು ಬೇಕೆಂಬುದಷ್ಟೇ ಅವರ 312ನೇ ಪ್ರಸ್ತಾವದ ಕೋರಿಕೆ. ಮೇಲ್ನೋಟಕ್ಕೆ ಅದು ಸಣ್ಣದು. ಆದರೆ ಆ ಕಲಂ ಕದಲಿದರೆ ಹೆಣ್ಣಿನ ನಿರ್ಧಾರದ ಹಕ್ಕೂ ಕದಲುತ್ತದೆ ಎಂಬ ಆತಂಕ, ಆ ಹಕ್ಕಿನ ಪರವಾಗಿರುವ ನನಗೆ ನ್ಯಾಯವಾದದ್ದೆಂದೇ ತೋರುತ್ತದೆ.

ಈ ಚರ್ಚೆಯನ್ನು ಮತ್ತೆ ತೆರೆಯುವುದಿಲ್ಲವೆಂದು ಪ್ರಧಾನಿ ಸ್ಟೀಫನ್ ಹಾರ್ಪರ್ 2011ರ ಚುನಾವಣೆಯ ವೇಳೆಯಲ್ಲೇ ಮಾತು ಕೊಟ್ಟಿದ್ದರು. 2012ರ ಏಪ್ರಿಲ್‌ನಲ್ಲಿ ಪ್ರಸ್ತಾವ ಸದನದ ಮುಂದೆ ಬಂದಾಗ, ಆಡಳಿತ ಪಕ್ಷದ ಮುಖ್ಯ ಸಚೇತಕರಾಗಿದ್ದ ಗಾರ್ಡನ್ ಓ’ಕಾನರ್ ಅವರೇ ಎದ್ದು ನಿಂತು ತಮ್ಮ ಪಕ್ಷದ ಸದಸ್ಯನ ಪ್ರಸ್ತಾವವನ್ನು ಕಟುವಾಗಿ ವಿರೋಧಿಸಿದರು. ಹಾಗೆಂದು ಸದಸ್ಯರ ಮೇಲೆ ವಿಪ್ ಹೇರಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಲು ಬಿಟ್ಟರು. ಸೆಪ್ಟೆಂಬರ್ 26ರಂದು ಪರವಾಗಿ 91, ವಿರುದ್ಧವಾಗಿ 203 ಮತಗಳು ಬಿದ್ದವು. ಹಾರ್ಪರ್ ವಿರುದ್ಧ ಮತ ಹಾಕಿದರೆ, ಅವರದೇ ಸಂಪುಟದಲ್ಲಿ ಮಹಿಳಾ ಸ್ಥಾನಮಾನದ ಹೊಣೆ ಹೊತ್ತಿದ್ದ ರೋನಾ ಆಂಬ್ರೋಸ್ ಪರವಾಗಿ ಮತ ಹಾಕಿ, ಮಹಿಳಾ ಸಂಘಟನೆಗಳ ಸಿಟ್ಟಿಗೆ ಗುರಿಯಾದರು.

ನನ್ನ ಉತ್ತರ ಇದೇ. ಹಾರ್ಪರ್ ತಮ್ಮ ಸಂಸದರಿಗೆ ಮಾತನ್ನೂ ಮತವನ್ನೂ ಬಿಟ್ಟುಕೊಟ್ಟರು, ಸರ್ಕಾರದ ಬಲವನ್ನು ಮಾತ್ರ ಕೊಡಲಿಲ್ಲ. ಆ ಬಲವಿಲ್ಲದೆ, ಮಂತ್ರಿಯಲ್ಲದ ಖಾಸಗಿ ಸದಸ್ಯನೊಬ್ಬ ಎರಡು ಗಂಟೆಗಳ ಚರ್ಚೆಯಲ್ಲಿ ಸದನವನ್ನು ತಿರುಗಿಸಲಾರ. ವುಡ್‌ವರ್ತ್ ಅವರ ನಿಲುವು ನನ್ನದಲ್ಲವಾದರೂ, ನಂಬಿದ್ದನ್ನು ಅವರು ಮುಚ್ಚಿಡದೆ ಸದನದಲ್ಲಿಟ್ಟು, ಹೆಸರು ಹೆಸರಾಗಿ ಮತ ಎಣಿಸುವಂತೆ ಮಾಡಿದ್ದನ್ನು ನಾನು ಮನಸಾರೆ ಗೌರವಿಸುತ್ತೇನೆ. 2015ರಲ್ಲಿ ಅವರು ಲಿಬರಲ್ ಪಕ್ಷದ ರಾಜ್ ಸೈನಿ ಅವರೆದುರು ಸೋತರು. ಅದನ್ನು ಪ್ರಸ್ತಾವಕ್ಕೆ ಸಿಕ್ಕ ತೀರ್ಪೆಂದು ನಾನು ಓದುವುದಿಲ್ಲ. ದೇಶದಾದ್ಯಂತ ಬೀಸಿದ ಲಿಬರಲ್ ಅಲೆಯಲ್ಲಿ ಆ ವರ್ಷ ಹಾರ್ಪರ್ ಅವರ ಸರ್ಕಾರವೇ ಉಳಿಯಲಿಲ್ಲ.