ಹೆಸರು ಉಳಿಯಿತು, ಆಸ್ತಿ ಉಳಿಯಲಿಲ್ಲ: ಡೇಮನ್ ಹಿಲ್ ಅವರ ರೇಸಿಂಗ್ ಬದುಕು

ರೇಸಿಂಗ್ ಮನೆತನದಲ್ಲಿ ಹುಟ್ಟಿದ ಚಾಲಕರ ವಿಷಯ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ತಂದೆ ಹಾಕಿಕೊಟ್ಟ ದಾರಿಯಲ್ಲಿ ಮಗ ನಡೆದ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಎಳೆಯ ವಯಸ್ಸಿಗೇ ಕಾರ್ಟ್ ಎಂಬ ಪುಟ್ಟ ರೇಸಿಂಗ್ ಗಾಡಿ ಹತ್ತಿ, ತಂದೆಯ ಪರಿಚಯಸ್ಥರ ತಂಡಗಳಲ್ಲಿ ಪಳಗಿ, ಇಪ್ಪತ್ತು ತುಂಬುವಷ್ಟರಲ್ಲಿ ಫಾರ್ಮುಲಾ ಒನ್ ಸೇರುವ ಚಾಲಕರನ್ನು ನೋಡಿದಾಗ ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ ಎನಿಸುತ್ತದೆ. ಆದರೆ ಇದೇ ಅಳತೆಗೋಲನ್ನು 1996ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್, ಬ್ರಿಟನ್ನಿನ ಡೇಮನ್ ಹಿಲ್ ಅವರಿಗೂ ಹಿಡಿಯುವುದನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಅವರಿಗೆ ತಂದೆಯಿಂದ ಬಂದದ್ದು ಹೆಸರೊಂದೇ; ಅದರ ಜೊತೆಗೆ ಬರಬೇಕಾಗಿದ್ದ ಹಣ, ಆಸರೆ, ಮಾರ್ಗದರ್ಶನ ಎಲ್ಲವೂ ಅವರಿಗೆ 15 ವರ್ಷವಾಗಿದ್ದಾಗಲೇ ಒಂದು ರಾತ್ರಿಯಲ್ಲಿ ಇಲ್ಲವಾದವು.

ತಂದೆ ಗ್ರಹಾಂ ಹಿಲ್ ಸಾಮಾನ್ಯ ಚಾಲಕರಲ್ಲ. 1962 ಮತ್ತು 1968ರಲ್ಲಿ ವಿಶ್ವ ಚಾಂಪಿಯನ್, ಮೊನಾಕೊ ಗ್ರ್ಯಾಂಡ್ ಪ್ರಿಯನ್ನು ಐದು ಬಾರಿ ಗೆದ್ದವರು, 1966ರಲ್ಲಿ ಇಂಡಿಯಾನಾಪೊಲಿಸ್ 500 ಮತ್ತು 1972ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದವರು. ಇಷ್ಟನ್ನೂ ಸಾಧಿಸಿದ ಇನ್ನೊಬ್ಬ ಚಾಲಕ ಇಂದಿಗೂ ಇಲ್ಲ. ವಿಶೇಷವೆಂದರೆ ಅವರು ಹುಟ್ಟು ಪ್ರತಿಭೆಯೆಂದು ಹೆಸರಾದವರಲ್ಲ; ಕಾರು ಓಡಿಸುವ ಪರವಾನಗಿಯನ್ನೇ 24ನೆಯ ವಯಸ್ಸಿನಲ್ಲಿ ಪಡೆದು, ಮೆಕ್ಯಾನಿಕ್ ಆಗಿ ದುಡಿದು, ಹಟದಿಂದ ಮೇಲೆ ಬಂದವರು. 1975ರಲ್ಲಿ ಚಾಲನೆಯಿಂದ ನಿವೃತ್ತರಾಗಿ ತಮ್ಮದೇ ತಂಡವನ್ನು ನಡೆಸುತ್ತಿದ್ದಾಗ, ಆ ವರ್ಷದ ನವೆಂಬರ್ 29ರ ರಾತ್ರಿ, ಫ್ರಾನ್ಸಿನ ಪಾಲ್ ರಿಕಾರ್ ಟ್ರ್ಯಾಕ್‌ನಲ್ಲಿ ಕಾರಿನ ಪರೀಕ್ಷೆ ಮುಗಿಸಿ ತಾವೇ ವಿಮಾನ ನಡೆಸಿಕೊಂಡು ಮರಳುವಾಗ, ಲಂಡನ್ ಹೊರವಲಯದ ಆರ್ಕ್ಲಿಯ ಗಾಲ್ಫ್ ಮೈದಾನದ ಬಳಿ ದಟ್ಟ ಮಂಜಿನಲ್ಲಿ ವಿಮಾನ ನೆಲಕ್ಕಪ್ಪಳಿಸಿತು. ಯುವ ಚಾಲಕ ಟೋನಿ ಬ್ರೈಸ್ ಸೇರಿದಂತೆ ಅದರಲ್ಲಿದ್ದ ಆರೂ ಮಂದಿ ಸತ್ತರು. ವಿಮಾನದ ಕಾಗದಪತ್ರಗಳು ಕ್ರಮಬದ್ಧವಾಗಿಲ್ಲದ ಕಾರಣ ವಿಮೆ ಊರ್ಜಿತವಾಗಲಿಲ್ಲ. ಸತ್ತವರ ಕುಟುಂಬಗಳ ಪರಿಹಾರದ ದಾವೆಗಳಿಗೆ ಹಿಲ್ ಕುಟುಂಬದ ಆಸ್ತಿಯ ಬಹುಪಾಲು ಕರಗಿಹೋಯಿತು. ದೊಡ್ಡ ಮನೆ ಬಿಟ್ಟು ಅವರು ಸೇಂಟ್ ಆಲ್ಬನ್ಸ್‌ನ ಸಣ್ಣ ಮನೆಗೆ ಬರಬೇಕಾಯಿತು.

ಇಬ್ಬರು ಚಾಂಪಿಯನ್‌ಗಳ ಮನೆತನ ಎಂದು ನಾವು ಇಂದು ಹೇಳುವಾಗ ನಡುವಿನ ಈ ಕಂದಕವನ್ನು ಸುಲಭವಾಗಿ ಮರೆಯುತ್ತೇವೆ. ಡೇಮನ್ ಕಟ್ಟಡದ ಕೂಲಿ ಕೆಲಸ ಮಾಡಿದರು, ಮೋಟಾರ್ ಬೈಕಿನಲ್ಲಿ ಲಂಡನ್ ಬೀದಿಗಳನ್ನು ಸುತ್ತುತ್ತ ಪಾರ್ಸೆಲ್ ತಲುಪಿಸಿದರು. ಅವರ ಮೊದಲ ಒಲವು ಬೈಕ್ ರೇಸಿಂಗ್‌ನತ್ತ. 1981ರಲ್ಲಿ ಅಲ್ಲಿಂದಲೇ ಶುರು. ಬೈಕಿಗಿಂತ ಕಾರು ಸುರಕ್ಷಿತವೆಂದು ತಾಯಿ ಬೆಟ್ ಅವರೇ ಒತ್ತಾಯ ಮಾಡಿ 1983ರಲ್ಲಿ ಫ್ರಾನ್ಸಿನ ರೇಸಿಂಗ್ ಶಾಲೆಯೊಂದಕ್ಕೆ ಕಳುಹಿಸಿದರು. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಮಗನ ಸುರಕ್ಷತೆಗೆಂದು ಅವನನ್ನು ರೇಸಿಂಗ್ ಕಾರಿನಲ್ಲಿ ಕೂರಿಸಿದರು ಎಂಬುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆ ಮನೆಯ ಲೆಕ್ಕಾಚಾರವೇ ಹಾಗಿತ್ತು. ಕಾರ್ಟ್ ಹತ್ತಿ ಬೆಳೆದ ಹುಡುಗರು ಅಷ್ಟರಲ್ಲಿ ಹತ್ತಾರು ವರ್ಷದ ಅನುಭವ ಗಳಿಸಿರುತ್ತಾರೆ. ಡೇಮನ್ ಕಾರು ರೇಸಿಂಗ್ ಕಲಿಯತೊಡಗಿದ್ದು 23ರ ಆಸುಪಾಸಿನಲ್ಲಿ.

ಫಾರ್ಮುಲಾ ಫೋರ್ಡ್, ನಂತರ ಮೂರು ವರ್ಷ ಫಾರ್ಮುಲಾ ತ್ರೀ, ಆಮೇಲೆ ಫಾರ್ಮುಲಾ 3000. ಈ ಕೊನೆಯ ಮೆಟ್ಟಿಲಲ್ಲಿ ಅವರು ಎಲ್ಲರಿಗಿಂತ ಮುಂದಿನಿಂದ ಹೊರಡುವ ಪೋಲ್ ಪೊಸಿಷನ್ ಗಳಿಸಿದರು, ರೇಸ್‌ಗಳಲ್ಲಿ ಮುನ್ನಡೆ ಸಾಧಿಸಿದರು, ಆದರೆ ಒಂದನ್ನೂ ಗೆಲ್ಲಲಿಲ್ಲ. ಹೆಸರಿನ ಬಲ ನಿಜಕ್ಕೂ ಅಷ್ಟಿದ್ದಿದ್ದರೆ ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಬಾಗಿಲು ತೆರೆದದ್ದು ವಿಲಿಯಮ್ಸ್ ತಂಡದ ಟೆಸ್ಟ್ ಡ್ರೈವರ್ ಕೆಲಸದಿಂದ. ಈ ಘಟ್ಟವನ್ನು ಹೆಚ್ಚಿನ ಬರಹಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ; ನನ್ನ ಮಟ್ಟಿಗೆ ಅವರ ಇಡೀ ವೃತ್ತಿಜೀವನದ ಬುನಾದಿ ಇಲ್ಲೇ ಇದೆ. ವಿಲಿಯಮ್ಸ್ ಆಗ ಆ್ಯಕ್ಟಿವ್ ಸಸ್ಪೆನ್ಶನ್ ಎಂಬ ವ್ಯವಸ್ಥೆಯನ್ನು ಪಳಗಿಸುತ್ತಿತ್ತು. ಸಾಮಾನ್ಯ ಕಾರಿನಲ್ಲಿ ಸ್ಪ್ರಿಂಗು ಮತ್ತು ಡ್ಯಾಂಪರ್‌ಗಳು ಮಾಡುವ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಆಜ್ಞೆಯಂತೆ ಹೈಡ್ರಾಲಿಕ್ ಒತ್ತಡ ಮಾಡುತ್ತದೆ. ಬ್ರೇಕ್ ಒತ್ತಿದರೂ ತಿರುವಿನಲ್ಲಿ ಹೊರಳಿದರೂ ಕಾರಿನ ತಳಭಾಗ ನೆಲದಿಂದ ಒಂದೇ ಎತ್ತರದಲ್ಲಿ ಉಳಿಯುವುದರಿಂದ, ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ ಏರುಪೇರಾಗುವುದಿಲ್ಲ. ಇದನ್ನು ನಂಬಿಕೆಗೆ ಅರ್ಹವಾಗಿಸಲು ಯಾರಾದರೂ ದಿನವಿಡೀ ಒಂದೇ ಟ್ರ್ಯಾಕ್‌ನಲ್ಲಿ ಸುತ್ತು ಹಾಕಿ, ಯಾವ ತಿರುವಿನಲ್ಲಿ ಕಾರು ಏನು ಮಾಡಿತು ಎಂಬುದನ್ನು ಎಂಜಿನಿಯರ್‌ಗಳಿಗೆ ಬಿಡಿಸಿ ಹೇಳಬೇಕಿತ್ತು. ಪ್ರೇಕ್ಷಕರಿಲ್ಲ, ಅಂಕಗಳಿಲ್ಲ, ಟ್ರೋಫಿಯಿಲ್ಲ. 1992ರಲ್ಲಿ ನೈಜೆಲ್ ಮ್ಯಾನ್ಸೆಲ್ ಒಂಬತ್ತು ರೇಸ್ ಗೆದ್ದು ಚಾಂಪಿಯನ್ ಆದ ಆ ಕಾರಿನ ಹಿಂದೆ ಡೇಮನ್ ಅವರ ಈ ಕಾಣದ ದುಡಿಮೆಯೂ ಇತ್ತು. ಅದೇ ವರ್ಷ ಅವರು ಮುಳುಗುತ್ತಿದ್ದ ಬ್ರಾಭಮ್ ತಂಡಕ್ಕೂ ರೇಸ್ ಓಡಿಸಲು ಸೇರಿದರು. ಆ ದುರ್ಬಲ ಕಾರಿನಲ್ಲಿ ಹಲವು ಬಾರಿ ಅರ್ಹತೆಯೇ ಸಿಗಲಿಲ್ಲ. ಒಂದೇ ಋತುವಿನಲ್ಲಿ ಅತ್ಯಂತ ವೇಗದ ಕಾರನ್ನೂ ತೀರಾ ನಿಧಾನದ ಕಾರನ್ನೂ ಓಡಿಸಿದ ಅನುಭವ ಎಷ್ಟು ಜನರಿಗಿದ್ದೀತು?

ಮ್ಯಾನ್ಸೆಲ್ ಅಮೆರಿಕಕ್ಕೆ ಹೋದರು, ರಿಕಾರ್ಡೊ ಪಟ್ರೇಸೆ ಬೆನೆಟನ್ ಸೇರಿದರು. 1993ರಲ್ಲಿ ಅಲೆನ್ ಪ್ರಾಸ್ಟ್ ಅವರ ಜೊತೆಗಾರನಾಗಿ, 32ನೆಯ ವಯಸ್ಸಿನಲ್ಲಿ, ಡೇಮನ್ ಅವರಿಗೆ ವಿಲಿಯಮ್ಸ್ ಸೀಟು ದಕ್ಕಿತು. ಹಾಲಿ ಚಾಂಪಿಯನ್ ಕಣದಲ್ಲಿಲ್ಲದ ಕಾರಣ 1ನೆಯ ಸಂಖ್ಯೆ ಯಾರಿಗೂ ಇರಲಿಲ್ಲ. ಅವರ ಕಾರಿನ ಮೇಲೆ ಸೊನ್ನೆ ಇತ್ತು. ಸಿಲ್ವರ್‌ಸ್ಟೋನ್‌ನಲ್ಲಿ ಮುಂದಿದ್ದಾಗ ಎಂಜಿನ್ ಸುಟ್ಟಿತು, ಜರ್ಮನಿಯಲ್ಲಿ ಗೆಲುವು ಕೈಗೆಟುಕುವಷ್ಟರಲ್ಲಿ ಟೈರ್ ಪಂಕ್ಚರ್ ಆಯಿತು, ಮುಂದಿನ ಹಂಗೇರಿಯಲ್ಲಿ ಮೊದಲ ಗೆಲುವು ಒಲಿಯಿತು. ಅದರ ಬೆನ್ನಿಗೇ ಬೆಲ್ಜಿಯಂ, ಇಟಲಿ. ತಂದೆಯ ಹಾಗೆಯೇ ಕಡುನೀಲಿ ಹೆಲ್ಮೆಟ್, ಅದರ ಸುತ್ತ ಬಿಳಿಯ ಹುಟ್ಟುಗೋಲುಗಳ ಚಿತ್ರ. ಗ್ರಹಾಂ ದೋಣಿ ನಡೆಸುತ್ತಿದ್ದ ಲಂಡನ್ ರೋಯಿಂಗ್ ಕ್ಲಬ್ಬಿನ ಗುರುತು ಅದು.

1994ರ ಬಗ್ಗೆ ಬರೆಯುವಾಗ ಎಲ್ಲರೂ ನೇರವಾಗಿ ಋತುವಿನ ಕೊನೆಯ ರೇಸ್ ನಡೆದ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹಾರುತ್ತಾರೆ. ನಾನು ಮೇ ತಿಂಗಳಲ್ಲಿ ನಿಲ್ಲಲು ಬಯಸುತ್ತೇನೆ. ಪ್ರಾಸ್ಟ್ ನಿವೃತ್ತರಾಗಿ ಅವರ ಸ್ಥಾನಕ್ಕೆ ಐರ್ಟನ್ ಸೆನ್ನಾ ಬಂದಿದ್ದರು; ಮೇ 1ರಂದು ಇಮೋಲಾದಲ್ಲಿ ಸೆನ್ನಾ ಅಪಘಾತದಲ್ಲಿ ತೀರಿಕೊಂಡರು. ಆಗಷ್ಟೇ ಒಂದು ಪೂರ್ಣ ಋತು ಮುಗಿಸಿದ್ದ ಡೇಮನ್ ಮೇಲೆ ತಂಡದ ಇಡೀ ಭಾರ ಬಿತ್ತು. ಮುಂದಿನ ಮೊನಾಕೊದಲ್ಲಿ ವಿಲಿಯಮ್ಸ್ ಒಂದೇ ಕಾರನ್ನು ಇಳಿಸಿತು. ಮೇ 29ರಂದು ಬಾರ್ಸಿಲೋನಾದಲ್ಲಿ ಡೇಮನ್ ಗೆದ್ದರು. ಇಪ್ಪತ್ತಾರು ವರ್ಷಗಳ ಹಿಂದೆ, 1968ರ ಏಪ್ರಿಲ್ 7ರಂದು ಜಿಮ್ ಕ್ಲಾರ್ಕ್ ಹಾಕನ್‌ಹೈಮ್‌ನಲ್ಲಿ ಸತ್ತಾಗ, ಕಂಗೆಟ್ಟಿದ್ದ ಲೋಟಸ್ ತಂಡವನ್ನು ಎತ್ತಿ ನಿಲ್ಲಿಸಿದ್ದು ಗ್ರಹಾಂ. ಕ್ಲಾರ್ಕ್ ಇಲ್ಲದ ಮೊದಲ ಚಾಂಪಿಯನ್‌ಷಿಪ್ ರೇಸನ್ನು, ಅದೂ ಸ್ಪೇನ್‌ನಲ್ಲೇ, ಅವರು ಗೆದ್ದಿದ್ದರು. ತನ್ನ ಕಾಲದ ಅತಿ ಶ್ರೇಷ್ಠ ಚಾಲಕನ ಪಕ್ಕದಲ್ಲಿದ್ದವನು, ಅವನು ಸತ್ತ ಕೆಲವೇ ವಾರಗಳಲ್ಲಿ, ಅಳುತ್ತಿರುವ ಮೆಕ್ಯಾನಿಕ್‌ಗಳು ಸಿದ್ಧಪಡಿಸಿದ ಕಾರಿನಲ್ಲಿ ಕೂತು ಗೆದ್ದು ಬರುವುದು ಎರಡು ತಲೆಮಾರುಗಳಲ್ಲಿ ಒಂದೇ ಮನೆಗೆ ಒದಗಿದ ಹೊಣೆ. ಅಪ್ಪನಿಂದ ಮಗನಿಗೆ ಬಂದದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅದೇ ಬೇಸಿಗೆಯಲ್ಲಿ, ಗ್ರಹಾಂ ಅವರಿಗೆ ಕೊನೆಯವರೆಗೂ ದಕ್ಕದ ಬ್ರಿಟಿಷ್ ಗ್ರ್ಯಾಂಡ್ ಪ್ರಿಯನ್ನೂ ಡೇಮನ್ ಗೆದ್ದರು.

ಅದೇ ಋತುವಿನ ಕೊನೆಯ ಹಂತದಲ್ಲಿ ಜಪಾನಿನ ಸುಜುಕಾದಲ್ಲಿ ನಡೆದ ರೇಸನ್ನು ಹತ್ತಿರದಿಂದ ನೋಡಬೇಕು. ಅಂಕಗಳಲ್ಲಿ ಮುಂದಿದ್ದ ಎದುರಾಳಿ ಮೈಕೆಲ್ ಶುಮಾಕರ್ ಅವರನ್ನು ಸೋಲಿಸದಿದ್ದರೆ ಚಾಂಪಿಯನ್‌ಷಿಪ್ ಬಹುತೇಕ ಕೈತಪ್ಪುವ ಪರಿಸ್ಥಿತಿ, ಸುರಿಯುವ ಮಳೆ, ಅಪಘಾತದಿಂದ ರೇಸ್ ನಿಂತು ಮತ್ತೆ ಶುರುವಾದದ್ದರಿಂದ ಎರಡೂ ಭಾಗಗಳ ಸಮಯವನ್ನು ಕೂಡಿಸಿ ಫಲಿತಾಂಶ ನಿರ್ಧರಿಸುವ ನಿಯಮ. ಎಂದರೆ ಟ್ರ್ಯಾಕ್ ಮೇಲೆ ಮುಂದಿರುವುದೊಂದೇ ಸಾಲದು, ಕಾಣದ ಗಡಿಯಾರದೊಡನೆ ಓಡಬೇಕು. ಟೈರ್ ಬದಲಿಸಲು ನಿಲ್ಲುವ ಪಿಟ್‌ನಲ್ಲಿ ಬಲಹಿಂಭಾಗದ ಚಕ್ರದ ನಟ್ ಸಿಕ್ಕಿಕೊಂಡು ಬಿಚ್ಚಲಾಗದೆ, ಮೂರು ಹೊಸ ಟೈರ್ ಮತ್ತು ಒಂದು ಹಳೆಯ ಟೈರ್‌ನೊಂದಿಗೇ ಅವರನ್ನು ಕಳುಹಿಸಲಾಯಿತು. ನೀರು ತುಂಬಿದ ರಸ್ತೆಯಲ್ಲಿ, ಹಿಂದಿನ ಒಂದು ಚಕ್ರ ಸವೆದಿರುವಾಗ, ಶುಮಾಕರ್ ಸುತ್ತಿನಿಂದ ಸುತ್ತಿಗೆ ಅಂತರ ಕಡಿಮೆ ಮಾಡುತ್ತಿರುವಾಗ, ಅವರು ಗೆದ್ದದ್ದು 3.3 ಸೆಕೆಂಡುಗಳ ಅಂತರದಲ್ಲಿ. ಫಾರ್ಮುಲಾ ಒನ್ ಇತಿಹಾಸದ ಅತ್ಯುತ್ತಮ ಮಳೆ ಓಟಗಳ ಪಟ್ಟಿಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲವೆಂಬುದು ನನ್ನ ದೂರು.

ಅಡಿಲೇಡ್ ಕಥೆ ಎಲ್ಲರಿಗೂ ಗೊತ್ತು. ಒಂದು ಅಂಕ ಮುಂದಿದ್ದ ಶುಮಾಕರ್ 36ನೆಯ ಲ್ಯಾಪ್‌ನಲ್ಲಿ ಜಾರಿ ಗೋಡೆಗೆ ತಾಗಿದರು; ಅದನ್ನು ಕಾಣದ ಡೇಮನ್ ಮುಂದಿನ ತಿರುವಿನಲ್ಲಿ ಒಳಬದಿಯಿಂದ ನುಗ್ಗಿದಾಗ ಎರಡು ಕಾರುಗಳು ಡಿಕ್ಕಿಯಾದವು. ಡೇಮನ್ ಅವರ ಕಾರಿನ ಎಡಮುಂಭಾಗದ ಸಸ್ಪೆನ್ಶನ್ ಬಾಗಿತು. ಇಬ್ಬರೂ ರೇಸ್‌ನಿಂದ ಹೊರಬಿದ್ದರು; ಅಂಕ 92ಕ್ಕೆ 91, ಚಾಂಪಿಯನ್‌ಷಿಪ್ ಹೋಯಿತು. ಅಂದಿನ ಅವರ ನಡವಳಿಕೆ ಮಾತ್ರ ನೆನಪಿಡುವಂಥದ್ದು: ಕಾರಿನಿಂದ ಇಳಿದು ಯಾರ ಮೇಲೂ ಹರಿಹಾಯಲಿಲ್ಲ.

1995ರಲ್ಲಿ ಎರಡನೆಯ ಸ್ಥಾನ, ಒತ್ತಡದಲ್ಲಿ ಮಾಡಿದ ತಪ್ಪುಗಳು, ಪತ್ರಿಕೆಗಳ ಟೀಕೆ. 1996ರಲ್ಲಿ ಹದಿನಾರು ರೇಸ್‌ಗಳಲ್ಲೂ ಮೊದಲ ಸಾಲಿನಿಂದಲೇ ಹೊರಟು ಎಂಟನ್ನು ಗೆದ್ದರು. ಅವರ ಎದುರಾಳಿ ಅದೇ ತಂಡದ ಜಾಕ್ ವಿಲ್‌ನವ್, 1982ರಲ್ಲಿ ಜೋಲ್ಡರ್‌ನಲ್ಲಿ ಸತ್ತ ಜಿಲ್ ವಿಲ್‌ನವ್ ಅವರ ಮಗ. ತಂದೆಯನ್ನು ಎಳೆಯ ವಯಸ್ಸಿನಲ್ಲಿ ಕಳೆದುಕೊಂಡ ಇಬ್ಬರು ಮಕ್ಕಳು ಒಂದೇ ಗ್ಯಾರೇಜಿನಿಂದ ಹೊರಟು ಒಂದೇ ಪ್ರಶಸ್ತಿಗಾಗಿ ಸೆಣಸಿದ ಇಂಥ ಋತು ಮತ್ತೆ ಬಂದಿಲ್ಲ. ಅಕ್ಟೋಬರ್ 13ರಂದು ಸುಜುಕಾದಲ್ಲಿ ವಿಲ್‌ನವ್ ಕಾರಿನ ಚಕ್ರ ಕಳಚಿಬಿದ್ದಾಗಲೇ ಪ್ರಶಸ್ತಿ ಡೇಮನ್ ಪಾಲಾಗಿತ್ತು. ಅವರು ರೇಸನ್ನೂ ಗೆದ್ದೇ ಮುಗಿಸಿದರು. ಗಂಟಲು ಕಟ್ಟಿದೆ, ಮಾತು ನಿಲ್ಲಿಸಬೇಕಾಗಿದೆ ಎಂದು ವೀಕ್ಷಕ ವಿವರಣೆಕಾರ ಮರ್ರಿ ವಾಕರ್ ಅಂದು ಹೇಳಿದ್ದು ಸುಮ್ಮನೆ ಅಲ್ಲ; ಅವರು ಗ್ರಹಾಂ ಅವರ ಕಾಲವನ್ನೂ ಕಂಡವರು.

ಚಾಂಪಿಯನ್ ಆಗುವ ಮೊದಲೇ ವಿಲಿಯಮ್ಸ್ ಅವರನ್ನು ಕೈಬಿಟ್ಟು ಹೈಂಜ್-ಹೆರಾಲ್ಡ್ ಫ್ರೆಂಟ್ಜೆನ್ ಅವರನ್ನು ಮುಂದಿನ ವರ್ಷಕ್ಕೆ ಆರಿಸಿಕೊಂಡಿತ್ತು. ತಂಡಕ್ಕೆ ಅದರದೇ ಕಾರಣಗಳಿದ್ದಿರಬಹುದು. ಆ ನಿರ್ಧಾರ ತಪ್ಪೆಂದೇ ನನ್ನ ಅಭಿಪ್ರಾಯ. ಎಂದೂ ಗೆದ್ದಿರದ ಆ್ಯರೋಸ್ ತಂಡಕ್ಕೆ ಹೋದ ಡೇಮನ್ 1997ರ ಹಂಗೇರಿಯಲ್ಲಿ ಮೂರನೆಯ ಸ್ಥಾನದಿಂದ ಹೊರಟು, ಶುಮಾಕರ್ ಅವರ ಫೆರಾರಿಯನ್ನು ಹಿಂದಿಕ್ಕಿ, ಅರ್ಧ ನಿಮಿಷಕ್ಕೂ ಹೆಚ್ಚಿನ ಮುನ್ನಡೆ ಗಳಿಸಿದರು. ಬಿಸಿಲಿಗೆ ಗುಡ್‌ಇಯರ್ ಟೈರ್‌ಗಳು ಸೋತವು, ಅವರ ಬ್ರಿಡ್ಜ್‌ಸ್ಟೋನ್ ಟೈರ್‌ಗಳು ತಾಳಿಕೊಂಡವು ಎಂಬುದು ನಿಜ. ಆದರೆ ಅದೇ ಟೈರ್ ಹಾಕಿದ್ದ ಉಳಿದವರು ಯಾರೂ ಮುಂದಿರಲಿಲ್ಲ. ಇನ್ನೇನು ಮುಗಿಯಿತೆನ್ನುವಾಗ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟು, ಕೊನೆಯ ಲ್ಯಾಪ್‌ನಲ್ಲಿ ವಿಲ್‌ನವ್ ಮುಂದೆ ಹೋದರು. ಆ್ಯರೋಸ್ ಮುಚ್ಚುವವರೆಗೂ ಒಂದು ರೇಸನ್ನೂ ಗೆಲ್ಲಲಿಲ್ಲ.

1998ರಲ್ಲಿ ಜೋರ್ಡನ್ ತಂಡ. ಬೆಲ್ಜಿಯಂನ ಸ್ಪಾದಲ್ಲಿ ಮಳೆಯ ನಡುವೆ, ಆ ತಂಡಕ್ಕೆ ಅದರ ಮೊಟ್ಟಮೊದಲ ಗೆಲುವನ್ನು ಅವರು ತಂದುಕೊಟ್ಟರು. ಹಿಂದಿದ್ದ ಜೊತೆಗಾರ ರಾಲ್ಫ್ ಶುಮಾಕರ್ ವೇಗವಾಗಿದ್ದರು. ನಾವಿಬ್ಬರೂ ಪೈಪೋಟಿಗಿಳಿದರೆ ತಂಡಕ್ಕೆ ಏನೂ ಸಿಗದೆ ಹೋಗಬಹುದು ಎಂದು ಡೇಮನ್ ರೇಡಿಯೋದಲ್ಲಿ ಎಚ್ಚರಿಸಿದರು, ತಂಡ ರಾಲ್ಫ್ ಅವರನ್ನು ತಡೆಯಿತು. ಇದನ್ನು ಸ್ವಾರ್ಥವೆನ್ನುವವರಿದ್ದಾರೆ. ಮಳೆಯಲ್ಲಿ ಎಷ್ಟು ಕಾರುಗಳು ಅಂದು ಪುಡಿಯಾಗಿದ್ದವೆಂಬುದನ್ನು ನೆನೆದರೆ, ಅನುಭವಿಯೊಬ್ಬನ ಸರಿಯಾದ ಅಂದಾಜು ಅದು ಎಂದೇ ನನಗೆ ತೋರುತ್ತದೆ. ಮರುವರ್ಷ ಗೀರುಗಳುಳ್ಳ ಟೈರ್‌ಗಳಿಗೆ ಒಗ್ಗಿಕೊಳ್ಳಲಾಗದೆ, ತಮ್ಮ ಜಾಗಕ್ಕೆ ವಿಲಿಯಮ್ಸ್ ತಂದಿದ್ದ ಅದೇ ಫ್ರೆಂಟ್ಜೆನ್ ಈಗ ಜೋರ್ಡನ್‌ನಲ್ಲಿ ತಮಗಿಂತ ಬಹಳ ಮುಂದಿರುವುದನ್ನು ನೋಡುತ್ತ, ಅವರು ವಿದಾಯ ಹೇಳಿದರು. ಒಟ್ಟು 22 ಗೆಲುವು, 20 ಪೋಲ್.

ಆಮೇಲೆ ಅವರು ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ, ಕೈಬಿಟ್ಟುಹೋಗುತ್ತಿದ್ದ ಬ್ರಿಟಿಷ್ ಗ್ರ್ಯಾಂಡ್ ಪ್ರಿಯನ್ನು ಸಿಲ್ವರ್‌ಸ್ಟೋನ್‌ನಲ್ಲೇ ಉಳಿಸಿಕೊಳ್ಳುವ 17 ವರ್ಷದ ಒಪ್ಪಂದ 2009ರಲ್ಲಿ ಆಯಿತು. ತಂದೆಯ ಸಾವು ತಮ್ಮ ಮನಸ್ಸಿನ ಮೇಲೆ ಬಿಟ್ಟ ಗಾಯದ ಬಗ್ಗೆ, ನಿವೃತ್ತಿಯ ನಂತರ ಕಾಡಿದ ಖಿನ್ನತೆಯ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತನಾಡಿದ್ದಾರೆ. ತಂದೆ ಮತ್ತು ಮಗ ಇಬ್ಬರೂ ಚಾಂಪಿಯನ್ ಆದ ಇನ್ನೊಂದು ಜೋಡಿ, ಕೆಕೆ ಮತ್ತು ನಿಕೊ ರೋಸ್‌ಬರ್ಗ್, ಕಾಣಿಸಿಕೊಳ್ಳಲು 2016 ಬರಬೇಕಾಯಿತು. ಡೇಮನ್ ಅವರ ಮಗ ಜೋಶ್ ಕೂಡ ಫಾರ್ಮುಲಾ ತ್ರೀವರೆಗೆ ಬಂದಿದ್ದರು; 2013ರಲ್ಲಿ ತಮ್ಮದೇ ಇಚ್ಛೆಯಿಂದ ರೇಸಿಂಗ್ ಬಿಟ್ಟರು.