ಅಟ್ಟದ ಮೇಲಿದ್ದ ಡ್ರಿಲ್ ಜಿಗ್

12 ಜೂನ್ 2024, ಬುಧವಾರ
ಗೋಕುಲ ರೋಡ್, ಹುಬ್ಬಳ್ಳಿ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಇಂಡಸ್ಟ್ರಿಯಲ್ ಎಸ್ಟೇಟಿನ ಕೆಸರಲ್ಲಿ ಬೈಕ್ ಎರಡು ಸಲ ಜಾರಿತು.

ಹೊಸ ಆರ್ಡರ್ ಬಂದಿದೆ. ಪೈಪಿನ ಹರಿವು ತಡೆಯುವ ನಾಲ್ಕು ಇಂಚಿನ ಗೇಟ್ ವಾಲ್ವ್, ಕ್ಲಾಸ್ 150 (ಒತ್ತಡದ ದರ್ಜೆ), ಕಾಸ್ಟ್ ಸ್ಟೀಲ್. ಈ ಸೈಜನ್ನು ನಾವು ಇದುವರೆಗೆ ಬೀಡಿನಲ್ಲಷ್ಟೇ, ಅಂದರೆ ಎರಕದ ಕಬ್ಬಿಣದಲ್ಲಷ್ಟೇ, ಮಾಡಿದ್ದು. ಡಿಸೈನಿಗೆ ಹೊಸದಾಗಿ ಸೇರಿದ ಹುಡುಗ ಮೂರು ದಿನದಿಂದ ಎಲ್ಲ ಡ್ರಾಯಿಂಗನ್ನೂ ಮೊದಲಿನಿಂದ ಹಾಕುತ್ತಿದ್ದ, ತೂತು ಸರಿಯಾದ ಜಾಗದಲ್ಲೇ ಬೀಳುವಂತೆ ಡ್ರಿಲ್ಲಿಗೆ ದಾರಿ ತೋರಿಸುವ ಡ್ರಿಲ್ ಜಿಗ್ಗಿನದ್ದೂ ಸೇರಿ. ತಪ್ಪು ಅವನದಲ್ಲ. ಕಂಪ್ಯೂಟರಿನಲ್ಲಿ ಹಳೆ ಫೈಲುಗಳ ಹೆಸರು 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್'. ಹೆಸರಿಟ್ಟ ಮಹಾಶಯ ನಾನೇ.

ಟೀ ಹೊತ್ತಿಗೆ ಸ್ಟೋರಿನ ಕಾಕಾ ಬಂದು ಸ್ಕ್ರೀನ್ ನೋಡಿ ನಕ್ಕರು. "ಎಂಟ್ ತೂತಿನ ಜಿಗ್ ಅಟ್ಟದ ಮ್ಯಾಲ ಐತಲ್ರೀ ಸರ. ಮತ್ಯಾಕ ಹೊಸಾದು?"

ಏಣಿ ಹಾಕಿ ಇಳಿಸಿದೆವು. ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು ಪುಣ್ಯಾತ್ಮರು. ಒರೆಸಿ ವರ್ನಿಯರ್ ಹಿಡಿದೆ. 8 ತೂತು, ಪಿಸಿಡಿ (ತೂತುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ) 190.5 ಮಿ.ಮೀ., 19ರ ಡ್ರಿಲ್. ಪೈಪಿಗೆ ಬೋಲ್ಟ್ ಹಾಕುವ ಅಂಚು ಅಂದರೆ ಫ್ಲ್ಯಾಂಜ್. ಬೀಡಿನ ಕ್ಲಾಸ್ 125 ಫ್ಲ್ಯಾಂಜಿಗೂ ಸ್ಟೀಲಿನ ಕ್ಲಾಸ್ 150ಕ್ಕೂ ತೂತಿನ ಲೆಕ್ಕ ಒಂದೇ. ಡ್ರಿಲ್ ಹಾದುಹೋಗುವ ಬುಷ್‌ಗಳಲ್ಲಿ ಎರಡು ಸವೆದಿವೆ, ಬದಲಿಸಿದರೆ ಸಾಕು.

ಆ ಖುಷಿಯಲ್ಲಿ ಹುಡುಗ ಪಕ್ಕದಲ್ಲಿದ್ದ, ಎರಕದ ಅಚ್ಚು ಮಾಡುವ ಸಾಗವಾನಿ ಪ್ಯಾಟರ್ನಿಗೂ ಕೈ ಹಾಕಿದ. "ಫೇಸ್ ಟು ಫೇಸ್ 229, ಎರಡಕ್ಕೂ ಒಂದೇ ಅಲ್ವಾ ಸರ್?"

ಹೌದು, ವಾಲ್ವಿನ ಈ ತುದಿಯಿಂದ ಆ ತುದಿಯ ಅಳತೆ ಒಂದೇ. ಆದರೆ ಬೀಡು ಆರುವಾಗ ಸುಮಾರು 1% ಕುಗ್ಗುತ್ತದೆ, ಸ್ಟೀಲು ಸುಮಾರು 2%. ಆ ಪ್ಯಾಟರ್ನ್ ಮಾಡಿದ್ದು ಬೀಡಿನ ಲೆಕ್ಕಕ್ಕೆ. ಅದರ ಅಚ್ಚಿನಲ್ಲೇ ಸ್ಟೀಲ್ ಹೊಯ್ದರೆ ಬಾಡಿ ಎರಡು ಮಿ.ಮೀ.ಗಿಂತ ಜಾಸ್ತಿ ಗಿಡ್ಡ ಬರುತ್ತದೆ. ಮಷಿನಿಂಗಿಗೆ ಬಿಟ್ಟ ದಪ್ಪವೆಲ್ಲ ಅಲ್ಲೇ ಹೋಯಿತು. ಹಿಂದೊಮ್ಮೆ ಬೇರೆ ಸೈಜಿನಲ್ಲಿ ನಾನೇ ಈ ಜಾಣತನ ಮಾಡಿ ಆರು ಬಾಡಿ ಸ್ಕ್ರ್ಯಾಪಿಗೆ ಹಾಕಿದ್ದೆ. ಹುಡುಗನಿಗೆ ಅದನ್ನು ಹೇಳದೆ ಸುಮ್ನಿದ್ದೆ. ಕಾಕಾ ಹೇಳಿಬಿಟ್ಟರು.

ಊಟವಾದ ಮೇಲೆ ಅಟ್ಟದ ಮೇಲಿನ ಜಿಗ್, ಪ್ಯಾಟರ್ನುಗಳಿಗೆಲ್ಲ ನಂಬರ್ ಕೊಟ್ಟು ಬರೆದಿಡಲು ಒಂದು ರಿಜಿಸ್ಟರ್ ಶುರು ಮಾಡಿದೆವು. ಬಿಡಿಭಾಗಗಳಿಗೆ ಹೀಗೆ ನಂಬರ್ ಕೊಡುವುದು ಹೊಸದೇನಲ್ಲ. ಜರ್ಮನಿಯ ಆಖೆನ್‌ನಲ್ಲಿ ಓಪಿಟ್ಜ್ ಎಂಬ ಪ್ರೊಫೆಸರ್ 1960ರ ದಶಕದಲ್ಲೇ ಒಂದು ಕೋಡ್ ಮಾಡಿದ್ದರು. ಆಕಾರಕ್ಕೆ ಐದು ಅಂಕಿ. ಅಳತೆ, ಲೋಹ, ಕಚ್ಚಾ ಮಾಲಿನ ರೂಪ, ನಿಖರತೆಗೆ ಇನ್ನು ನಾಲ್ಕು. ನಮ್ಮ ಅಟ್ಟಕ್ಕೆ ಅಷ್ಟೆಲ್ಲ ಯಾಕೆ? ಸೈಜು, ಕ್ಲಾಸು, ಲೋಹ ಬರೆದರೆ ಆಯಿತು. ಲೋಹವನ್ನು ಮಾತ್ರ ಕೆಂಪು ಪೇಂಟಿನಲ್ಲಿ ಬರೆಸಿದೆ.

ಕಾಕಾ ಹೇಳುತ್ತ ಹೋದರು, ಹುಡುಗ ಬರೆದುಕೊಂಡ. ಹನ್ನೊಂದನೇ ಜಿಗ್ಗಿಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಅರ್ಧ ಅಟ್ಟ ಇನ್ನೂ ಬಾಕಿ. ಮಾರ್ಚಿಗೆ ಕಾಕಾ ರಿಟೈರ್. ನಾಳೆ ಒಂದು ತಾಸು ಮೊದಲೇ ಬರುತ್ತೇನೆ ಅಂದಿದ್ದಾರೆ.